ಸೊನ್ನೆಗೆ ಇಳಿಸಿದ ಧ್ವನಿ

ನಗಬೇಡಿ... ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು.

ಆ ರಾತ್ರಿ ಹನ್ನೊಂದರ ಮೇಲಾಗಿತ್ತು. ಟೈಪ್ ಮಾಡಿದ ಕಾಗದಗಳನ್ನು ಆಸ್ಪತ್ರೆಗೆ ಕೊಟ್ಟು, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದಳು. ಹತ್ತು ಹೆಜ್ಜೆ ಮುಂದೆ ಪಕ್ಕದ ಮನೆಯಾಕೆ. ಆಕೆಯ ಚಪ್ಪಲಿ ಚರಕ್... ಚರಕ್... ಎನ್ನುತ್ತಿತ್ತು.

"ಅಕ್ಕಾ, ನಿಲ್ಲಿ, ನಾನೂ ಬಂದೆ!"

ಆಕೆ ತಿರುಗಲಿಲ್ಲ. ಮತ್ತೆ ಕೂಗಿದಳು. ಊಹೂಂ. "ಕಿವೀಲಿ ಹತ್ತಿ ಇಟ್ಕೊಂಡಿದಾಳೆ" ಎಂದು ಬೈದುಕೊಂಡಳು. ಆ ಬೈಗುಳ ಅವಳಿಗೇ ಯಾಕೋ ದೂರದಿಂದ ಬಂದ ಹಾಗೆ ಕೇಳಿಸಿತು.

ಗಂಡ ತೀರಿಕೊಂಡು ಆಗಿನ್ನೂ ತಿಂಗಳು. ಪಾರ್ಶ್ವವಾಯು ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದ. ಅವನ ತಲೆದಿಂಬಿನ ಬಳಿ ಒಂದು ಮೈಕು. ಕೂಗಿದರೆ ಒಂದು ಆ್ಯಪಿನ ಮೂಲಕ ಈಚೆ ಕೋಣೆಯ ಕಂಪ್ಯೂಟರಿಗೆ, ಇವಳ ಹೆಡ್‌ಫೋನಿಗೆ ಕೇಳುತ್ತಿತ್ತು. ಇವಳ ಕೆಲಸವೂ ಕಿವಿಯದೇ: ಡಾಕ್ಟರುಗಳು ರೆಕಾರ್ಡ್ ಮಾಡಿದ ಮಾತು ಕೇಳಿ ಟೈಪ್ ಮಾಡುವುದು. ಮಧ್ಯೆ ಮಧ್ಯೆ ಗಂಡನ ಗೊಗ್ಗರು ದನಿ. "ಏ... ನೀರು..." "ಏ... ಮಗ್ಗುಲು ತಿರುಗಿಸೇ..."

ಕಂಪ್ಯೂಟರಿನಲ್ಲಿ ಒಂದೊಂದು ಆ್ಯಪಿನ ಸದ್ದನ್ನೂ ಬೇರೆ ಬೇರೆ ಏರಿಸಿ ಇಳಿಸಬಹುದು, ಗೊತ್ತಲ್ಲ? ವಾಲ್ಯೂಮ್ ಮಿಕ್ಸರ್. ಡಾಕ್ಟರನ್ನು ಎಂಬತ್ತಕ್ಕೆ ಇಟ್ಟಳು. ಗಂಡನನ್ನು ಸೊನ್ನೆಗೆ. ಮೊದಮೊದಲು ಹತ್ತು ನಿಮಿಷ, ಆಮೇಲೆ ಇಡೀ ರಾತ್ರಿ.

ಸೊನ್ನೆಗೆ ಇಳಿಸಿದರೂ ಅವನು ಕೂಗಿದಾಗ ಪರದೆಯಲ್ಲಿ ಆ ಆ್ಯಪಿನ ಪಕ್ಕ ಹಸಿರು ಪಟ್ಟಿ ಜಿಗಿಯುತ್ತದೆ. ಕೊನೆಯ ರಾತ್ರಿ ಅದು ಇಪ್ಪತ್ತು ನಿಮಿಷ ತುದಿಯವರೆಗೂ ಜಿಗಿಯಿತು. ನೋಡಿದಳು. "ಅರಚಿಕೊಳ್ಳಲಿ" ಅಂದುಕೊಂಡು ಟೈಪ್ ಮಾಡಿದಳು. ಆಮೇಲೆ ಪಟ್ಟಿ ಏಳಲಿಲ್ಲ. ನಿದ್ದೆಯಲ್ಲೇ ಹೋದರು ಎಂದು ನಮಗೆಲ್ಲ ಹೇಳಿದ್ದಳು, ಪಾಪಿ!

ಬಾವಿ ದಾಟಿ ಮನೆಗೆ ಬಂದು ಬಾಗಿಲು ತೆಗೆದರೆ... ಕಂಪ್ಯೂಟರ್ ತಾನಾಗೇ ಆನ್ ಆಗಿತ್ತು. ಮಿಕ್ಸರ್ ತೆರೆದಿತ್ತು. ಸತ್ತ ಮಾರನೆಯ ದಿನವೇ ಅಳಿಸಿ ಹಾಕಿದ್ದ ಗಂಡನ ಕೋಣೆಯ ಆ್ಯಪು ಮತ್ತೆ ಅದರಲ್ಲಿತ್ತು. ಅದರ ಕೆಳಗೆ ಇವಳದೇ ಹೆಸರು. ಸದ್ದು ನಲವತ್ತರಲ್ಲಿ.

"ಯಾರದು?"

ಅವಳ ಹೆಸರಿನ ಪಕ್ಕ ಹಸಿರು ಪಟ್ಟಿ ಜಿಗಿಯಿತು. ಟಿಕ್... ಮೂವತ್ತಕ್ಕೆ ಇಳಿಯಿತು. ಮೌಸ್ ಹಿಡಿದು ಮೇಲೆ ಎಳೆದಳು. ಮೇಜಿನ ಮೇಲಿದ್ದ ಹೆಡ್‌ಫೋನಿನಲ್ಲಿ ಗೊರ್ರ್ ಎಂದು ಕಫ ಕದಲಿದ ಸದ್ದು.

"ಏನಂದೆ?"

"ರೀ... ತಪ್ಪಾಯ್ತು..."

ಟಿಕ್. ಇಪ್ಪತ್ತು.

"ಜೋರಾಗಿ ಹೇಳು. ಕೇಳಿಸ್ತಿಲ್ಲ."

"ತಪ್ಪಾಯ್ತು ರೀ! ಬಿಟ್ಬಿಡಿ!"

ಟಿಕ್. ಹತ್ತು.

"ಇನ್ನೂ ಜೋರಾಗಿ..."

ಎದೆ ಒಡೆಯುವ ಹಾಗೆ ಕಿರುಚಿದಳು. ಟಿಕ್.

ಇಷ್ಟನ್ನೂ ಅವಳು ನಮಗೆ ಬರೆದು ತೋರಿಸಿದ್ದು. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದರು.

ಮೊನ್ನೆ ನಾವು ಮೂವರು ಅವಳ ಮನೆಗೆ ಹೋಗಿದ್ದೆವು. ಟೀ ಮಾಡಲು ಒಳಗೆ ಹೋದಳು. ಠಣ್ ಎಂದು ಪಾತ್ರೆ ಬಿದ್ದ ಸದ್ದಾಯಿತು. ಬೆಕ್ಕಿರಬೇಕು ಎಂದು ಮಾತು ಮುಂದುವರಿಸಿದೆವು. ಅರ್ಧ ಗಂಟೆಯಾದರೂ ಟೀ ಬರಲಿಲ್ಲ. ಒಳಗೆ ಹೋಗಿ ನೋಡಿದರೆ... ನೆಲದ ಮೇಲೆ ಬಿದ್ದಿದ್ದಳು. ಕುದಿವ ನೀರು ಚೆಲ್ಲಿ ಕಾಲು ಪೂರ್ತಿ ಬೊಬ್ಬೆ ಎದ್ದಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು.

ಕಟ್ಟುಕತೆಯಲ್ಲ ಇದು. ಅಡುಗೆಮನೆಗೂ ನಾವು ಕೂತಿದ್ದ ಜಾಗಕ್ಕೂ ನಡುವೆ ಬಾಗಿಲೇ ಇಲ್ಲ.