ಹರಪನಹಳ್ಳಿಯ ವರದಿಯ ಮೇಲಿರುವ ನನ್ನ ಸಹಿಯ ಬಗ್ಗೆ

ನಾನು ಗೀತಾಂಜಲಿ ಕೋಂ ಹಂಪೇಶ್, ವಯಸ್ಸು 31 ವರ್ಷ, ರಕ್ತ ಪರೀಕ್ಷಾ ಲ್ಯಾಬಿನಲ್ಲಿ ಟೆಕ್ನಿಷಿಯನ್, ವಾಸ ರೈಲು ನಿಲ್ದಾಣದ ಹಿಂಭಾಗ, ಕೊಟ್ಟೂರು. ಉಚ್ಚಂಗಿದುರ್ಗದ ಭರಮಮ್ಮನವರ ಮಗಳು ಚೌಡಕ್ಕ ನನ್ನ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ಠಾಣೆಗೆ ಕರೆಸಿ ವಿಚಾರಿಸಲಾಗಿ ತಿಳಿಸುವುದೇನೆಂದರೆ,

ನಮ್ಮ ಲ್ಯಾಬಿನ ವರದಿ ಸಾಫ್ಟ್‌ವೇರು ಕಂಟೇನರಿನಲ್ಲಿ ನಡೆಯುತ್ತದೆ. ಕಂಟೇನರ್ ಎಂದರೆ ಒಂದು ಸಾಫ್ಟ್‌ವೇರು ತನಗೆ ಬೇಕಾದ ಸೆಟ್ಟಿಂಗು, ಫೈಲುಗಳೊಂದಿಗೆ ಕಂಪ್ಯೂಟರಿನೊಳಗೆ ಪ್ರತ್ಯೇಕವಾಗಿ ಓಡುವ ವ್ಯವಸ್ಥೆ. ನಮ್ಮ ಹಳೇ ಯಂತ್ರ ಹಿಮೋಗ್ಲೋಬಿನ್ ಹೆಚ್ಚಾಗಿ ತೋರಿಸುವುದರಿಂದ, ಅದನ್ನು ತಗ್ಗಿಸಿ ಸರಿಮಾಡುವ ಅಂಕಿಯನ್ನೂ ವರದಿಯ ಮೇಲೆ ತಾನಾಗಿ ಬೀಳುವ ನನ್ನ ಸಹಿಯ ಚಿತ್ರವನ್ನೂ ಅದರೊಳಗೆ ಇಟ್ಟಿದ್ದೆನು.

ಕಳೆದ ವಾರ ಮಾಲೀಕರು ಹರಪನಹಳ್ಳಿಯಲ್ಲಿ ಶಾಖೆ ತೆರೆದರು. ಕಂಪ್ಯೂಟರ್ ಕೆಲಸದ ಮಾರೇಶ್ ಅಲ್ಲಿ ಸಾಫ್ಟ್‌ವೇರನ್ನು ಮೊದಲಿನಿಂದ ಹಾಕುವ ಬದಲು, ಓಡುತ್ತಿದ್ದ ನಮ್ಮ ಕಂಟೇನರಿನಿಂದಲೇ ಹೊಸ ಇಮೇಜ್, ಎಂದರೆ ಒಳಗಿದ್ದದ್ದೆಲ್ಲ ಸೇರಿದ ಪಡಿಯಚ್ಚು, ಮಾಡಿ ಒಯ್ದನು. ಆ ಇಮೇಜಿನಿಂದ ಅಲ್ಲಿಯೂ ಅಂಥದೇ ಕಂಟೇನರ್ ಶುರುವಾಯಿತು. ನನ್ನ ಅಂಕಿ, ನನ್ನ ಸಹಿ ಎರಡೂ ಅದರ ಜೊತೆ ಹೋಗಿವೆ. ಇದು ನನಗೆ ಆಗ ತಿಳಿದಿರಲಿಲ್ಲ.

ಸೋಮವಾರ ಭರಮಮ್ಮನವರ ರಕ್ತವನ್ನು ಆ ಶಾಖೆಯ ಟೆಕ್ನಿಷಿಯನ್ ಶಾಂಭವಿ ಪರೀಕ್ಷಿಸಿದ್ದಾಳೆ. ಅಲ್ಲಿನ ಹೊಸ ಯಂತ್ರ ಸರಿಯಾಗಿಯೇ ತೋರಿಸಿದ್ದು 8.9. ನನ್ನ ಅಂಕಿ ಅದನ್ನೂ ತಗ್ಗಿಸಿ ವರದಿಯಲ್ಲಿ ಬಂದಿದ್ದು 6.4. ಅದನ್ನು ನಂಬಿ ಆಸ್ಪತ್ರೆಯಲ್ಲಿ ರಕ್ತ ಏರಿಸಿದ್ದಾರೆ. ನಡುಕ, ಜ್ವರ ಬಂದು ಭರಮಮ್ಮನವರು ಇನ್ನೂ ದಾಖಲಿದ್ದಾರೆ.

ನಿನ್ನೆ ಬೆಳಿಗ್ಗೆ ಚೌಡಕ್ಕ ನಮ್ಮ ಲ್ಯಾಬಿಗೆ ಬಂದು, ಸಹಿ ನಿಂದ ಹೌದಲ್ಲೋ ಎಂದು ಕೇಳಿದಳು. ಹೌದೆಂದೆನು. ನಮ್ಮವ್ವನ ಮಕ ಆದ್ರೂ ನೋಡೀಯೇನು ಎಂದು ಕೇಳಿದಳು. ಇಲ್ಲವೆಂದೆನು. ನೋಡದನ ಸಹಿ ಹಾಕೀದಿ ಅಂದ್ರ ನೀ ಎಂಥಾಕಿ ಇದ್ದೀಯವ್ವಾ ಎಂದು ಜನರೆದುರು ಅಂದಳು.

ಮಾರೇಶನಿಗೆ ಫೋನ್ ಮಾಡಿ ಕೇಳಲಾಗಿ, ಅಕ್ಕಾ, ನಿಮ್ದು ನಿಮ್ಮಲ್ಲೇ ಐತಲ್ರಿ, ಒಂದ್ ಫೈಲರ ಕಡಿಮಿ ಆಗೈತೇನು ನೋಡ್ರಿ ಎಂದನು. ನೋಡಿದೆನು. ಏನೂ ಕಡಿಮೆಯಾಗಿಲ್ಲ.

ಹಾಗಾದರೆ ವರದಿ ಕೊಟ್ಟವರು ಯಾರು ಎಂದು ಠಾಣೆಯ ಸಾಹೇಬರು ಕೇಳಿದ್ದಾರೆ. ಅಂಕಿ ಇಟ್ಟಿದ್ದು ನಾನು, ಸಹಿ ನನ್ನದು, ಪರೀಕ್ಷೆ ಮಾಡಿದ್ದು ನಾನಲ್ಲ. ಇದನ್ನು ಒಂದೇ ಮಾತಿನಲ್ಲಿ ಹೇಗೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಇಲ್ಲಿ ನನ್ನ ಕಂಟೇನರನ್ನು ಅಳಿಸಿಹಾಕಿದರೂ ಅಲ್ಲಿಯದು ನಿಲ್ಲುವುದಿಲ್ಲ. ಸಾಹೇಬರ ಎದುರಿನಲ್ಲೇ ಸ್ಪೀಕರ್ ಹಾಕಿ ಶಾಂಭವಿಗೆ ಫೋನ್ ಮಾಡಲಾಗಿ, ಈಗಷ್ಟ ಇನ್ನೂ ಮೂರು ವರದಿ ಕಳಿಸಿದೆನ್ರಿ ಅಕ್ಕಾ, ನಿಮ್ಮ ಸಹಿ ಚಲೋ ಬಂದೈತಿ ಎಂದಳು. ನನ್ನ ಮೇಲಿನ ಕ್ರಮ ಆಮೇಲೆ ಆಗಲಿ, ಮೊದಲು ಅಲ್ಲಿಂದ ಹೋಗುತ್ತಿರುವ ವರದಿಗಳನ್ನು ನಿಲ್ಲಿಸಿಕೊಡಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿ ಹೇಳಲಾಗಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಕೆಳಗಿನ ಸಹಿಯನ್ನು ಪೇದೆಯವರ ಎದುರಿಗೆ ನಾನೇ ಕೈಯಾರೆ ಹಾಕಿದ್ದೇನೆ.

ಸ್ಥಳ: ಕೊಟ್ಟೂರು
ದಿನಾಂಕ: 12-11-2025
(ಸಹಿ) ಗೀತಾಂಜಲಿ