ಥಾರ್ನ್‌ಬಿಯ ಕಣ್ಣೆದುರು

೧೯೭೪ರ ಒಂದು ಬೆಳಿಗ್ಗೆ, ಡೆಟ್ರಾಯಿಟ್ ಕೋರ್ಟಿನಲ್ಲಿ ಅಮೆರಿಕದ ಪೌರತ್ವದ ಪ್ರಮಾಣಕ್ಕೆ ಕಾಯುತ್ತಿದ್ದ ವನಮಾಲಾ, ಗಂಡ ಹೇಳಿದ್ದಂತೆ ಸೀರೆ ಕಾಣದ ಹಾಗೆ ಉದ್ದನೆಯ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಕನ್ನಡ ಕೇಳಿಸಿ ಅವಳ ಕಿವಿ ನಿಮಿರಿತು. ಗೋಡೆಯ ಮೇಲಿದ್ದ ಗಡ್ಡದ ಮುದುಕನ ಪಟಕ್ಕೆ ಒಬ್ಬರು ಭಕ್ತಿಯಿಂದ ಕೈಮುಗಿಯುತ್ತಿದ್ದರು.

“ಅವನು ಯಾರು ಅಂತ ಗೊತ್ತೇನ್ರೀ?” ಜೊತೆಗಿದ್ದ ಹೆಂಡತಿ ಕೇಳಿದರು.

“ಕೋರ್ಟಲ್ಲಿ ಪಟ ಹಾಕಿದಾರೆ ಅಂದ್ಮೇಲೆ ದೊಡ್ಡೋರೇ ಇರಬೇಕು, ಅಂಬುಜಾ.”

“ಥಾರ್ನ್‌ಬಿ ಅಂತ, ನೂರು ವರ್ಷದ ಹಿಂದಿನ ವಕೀಲ. ಲೈಬ್ರರೀಲಿ ಓದ್ದೆ. ಓಡಿಬಂದ ಗುಲಾಮರ ಕೇಸು ಫೀಸಿಲ್ದೆ ನಡೆಸ್ತಿದ್ದನಂತೆ.”

“ಮತ್ತೆ? ಕೈಮುಗಿದಿದ್ದು ಸರಿಯಾಯ್ತಲ್ಲ.”

“ಆಮೇಲೆ ಕಾಂಗ್ರೆಸ್ಸಿಗೆ ಗೆದ್ದು ವಾಷಿಂಗ್ಟನ್‌ಗೆ ಹೋದ. ಏಷ್ಯಾದೋರು ಯಾವತ್ತೂ ಇಲ್ಲಿನ ಪ್ರಜೆಗಳಾಗಬಾರದು ಅಂತ ಅಲ್ಲಿ ಗಂಟಲು ಹರ್ಕೊಂಡ.”

ಗಂಡ ಕೈ ಕೆಳಗಿಳಿಸಿದರು. “ಥೂ. ಬಾ, ಆ ಕಡೆ ಬೆಂಚಲ್ಲಿ ಕೂರೋಣ.”

“ಯಾಕೆ? ನಾನು ಇಲ್ಲೇ ಕೂರೋಳು. ಒಳಗೆ ಹೋಗೋದೂ ಅವನ ಮುಂದೇನೇ. ಕಣ್ತುಂಬ ನೋಡ್ಲಿ.”

ಅವರ ಹೆಸರು ಕರೆದರು. ಅಂಬುಜಾ ಸೆರಗು ಸರಿಮಾಡಿಕೊಂಡು, ಪಟದ ಎದುರು ಒಂದು ಗಳಿಗೆ ನಿಂತು, ಗಂಡನ ಜೊತೆ ಒಳಗೆ ಹೋದರು.

ವನಮಾಲಾ ಎದ್ದಳು. ಕೋಟು ಬಿಚ್ಚಿ, ಥಾರ್ನ್‌ಬಿಯ ಕೆಳಗಿದ್ದ ಕೊಕ್ಕೆಗೆ ನೇತುಹಾಕಿದಳು.