ಹೊರೆಗಲ್ಲಿನ ಹತ್ರ ಎತ್ತಿಕೊಟ್ಟೋಳು

ಆ ಬಾಗಿಲು ಒಂಚೂರು ಮುಂದಕ್ಕೆ ಹಾಕು. ಗಾಳಿ ಬರ್ತಿದೆ... ಹಾಂ, ಸಾಕು.

ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗ ಮಹೇಂದ್ರಣ್ಣನಿಗೆ ಆಗಿದ್ದು. ಕೊಡಿಗೇಹಳ್ಳಿ ಮನೇಲೇ ಇದಾನೆ ಈಗ್ಲೂ. ಬೇಕಾದ್ರೆ ಹೋಗಿ ಕೇಳಿ. ಅವನು ಬಾಯಿ ಬಿಡಲ್ಲ, ಅದು ಬೇರೆ ಮಾತು.

ಏರ್‌ಪೋರ್ಟ್ ರೋಡಲ್ಲಿ ಮೇಲ್ಸೇತುವೆ ಕಟ್ತಿದ್ದ ಕಾಲ. ಅಣ್ಣನಿಗೆ ವಾರವೆಲ್ಲ ಹೆಬ್ಬಾಳದ ಒಂದು ಕೊರಿಯರ್ ಗೋಡೌನಲ್ಲಿ ಕೆಲಸ. ಲಾರಿಯಿಂದ ಗಂಟು ಇಳಿಸೋದು, ಇನ್ನೊಂದು ಲಾರಿಗೆ ಏರಿಸೋದು. ಶನಿವಾರ ಬಂತು ಅಂದ್ರೆ ಜನಾನ ಕಟ್ಕೊಂಡು ಬೆಟ್ಟಕ್ಕೆ. ಟ್ರೆಕ್ಕಿಂಗ್ ಅಂತಾರಲ್ಲ, ಅದು. ರಾತ್ರಿ ಕಾಡಲ್ಲಿ ಹತ್ತೋದು, ಮೇಲೆ ಟೆಂಟ್ ಹಾಕಿ ಮಲಗೋದು, ಬೆಳಗ್ಗೆ ಸೂರ್ಯನ್ನ ನೋಡಿ ಇಳಿಯೋದು. ಬಂದೋರಿಗೆ ಅದು ಮಜಾ. ಇವನಿಗೆ ಇನ್ನೊಂದು ಡ್ಯೂಟಿ.

ಒಂದು ಶುಕ್ರವಾರ. ಕೊನೇ ಬಸ್ಸು ಕೊಡಿಗೇಹಳ್ಳಿ ಗೇಟಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ನಡ್ಕೊಂಡೇ ಬರ್ಬೇಕು. ಮನೆಗೆ ಮುಂಚೆ ಹಳೇ ಬಾವಿ ಇದೆ, ಅರಳಿ ಮರದ ಪಕ್ಕ. ಬೀದಿದೀಪ ಕೆಟ್ಟಿತ್ತು. ಎಲೆ ಮಾತ್ರ ಸರಸರ... ಸರಸರ... ಬಾವಿಯೊಳಗೆ ಏನೋ ಬಿತ್ತು. ಬುಳುಕ್. ಅಣ್ಣ ತಿರುಗಿ ನೋಡ್ಲಿಲ್ಲ. ಹೆದರಿ ಅಲ್ಲ. ಕತ್ತು ತಿರುಗಿಸೋಕೂ ಆಗದಷ್ಟು ಸುಸ್ತು. ಹಾಗೇ ಬಾವಿಕಟ್ಟೆ ಮೇಲೆ ಕೂತುಬಿಟ್ಟ.

ಎಷ್ಟೊತ್ತು ಕೂತಿದ್ನೋ. ಅವನ ಹೆಂಡತಿ, ನಮ್ಮ ವೇದಾ ಅತ್ತಿಗೆ, ಟಾರ್ಚ್ ಹಿಡ್ಕೊಂಡು ಹುಡುಕ್ಕೊಂಡು ಬಂದ್ಲು.

"ರೀ... ಇಲ್ಯಾಕೆ ಕೂತಿದೀರಿ?"

"ಸುಮ್ನೆ."

"ಈ ವಾರ ಒಂದು ಹೋಗ್ಬೇಡಿ. ನಿಮ್ಮ ಮುಖ ನೀವು ನೋಡ್ಕೊಂಡಿದೀರಾ?"

"ಜನ ಬರ್ತೀವಿ ಅಂದಿದಾರೆ ಕಣೇ. ಈಗ ಆಗಲ್ಲ ಅನ್ನೋದು ಹೆಂಗೆ?"

ಅಕ್ಕಪಕ್ಕದೋರು ಏಳ್ತಾರೆ ಅಂತ ಇಬ್ರೂ ಪಿಸುಮಾತಲ್ಲೇ. ಅತ್ತಿಗೆ ಅವನ ಊಟದ ಬ್ಯಾಗು ತಾನು ತಗೊಂಡು ಮುಂದೆ ನಡೆದ್ಲು.

ಶನಿವಾರ ಹೊತ್ತಿಳಿಯೋ ಹೊತ್ಗೆ ವ್ಯಾನು ಚಿಕ್ಕಬಳ್ಳಾಪುರ ದಾಟಿತ್ತು. ಗುಡ್ಡದ ಹೆಸರು ಹೇಳಲ್ಲ ನಾನು, ಜನ ಈಗ್ಲೂ ಹೋಗ್ತಾರೆ. ಕೆಳಗೆ ಲಂಟಾನ ಪೊದೆ, ಮೇಲೆ ಹೋದಂಗೆ ಬಿದಿರು, ಆಮೇಲೆ ದೊಡ್ಡ ಕಾಡು. ಮುಂದೆ ಸುರೇಶ್ ಅಂತ ಅಣ್ಣನ ಜೊತೆ ಕೆಲಸ ಮಾಡೋನು ದಾರಿ ತೋರಿಸ್ಕೊಂಡು ಹೋಗ್ತಿದ್ದ. ಹಿಂದೆ ಅಣ್ಣ, ಬೆನ್ನ ಮೇಲೆ ಟೆಂಟ್ ತುಂಬಿದ ದೊಡ್ಡ ಬ್ಯಾಗು. ಬಂದೋರಲ್ಲಿ ದಿಲ್ಶಾದ್ ಅಂತ ಒಬ್ಬಳು, ಆರ್.ಟಿ. ನಗರದ ಕಡೆಯೋಳು, ಬೆಟ್ಟ ಹತ್ತಿದ್ದೇ ಮೊದಲನೇ ಸಲ. ಅರ್ಧ ದಾರಿಗೇ ಅವಳಿಗೆ ವಾಂತಿ, ಕಾಲು ನಡುಕ. ಅಣ್ಣ ಅವಳ ಬ್ಯಾಗನ್ನೂ ಎದೆ ಮೇಲೆ ಹಾಕ್ಕೊಂಡ.

ಅಲ್ಲಿ ಒಂದು ಹೊರೆಗಲ್ಲು ಇದೆ. ನೀವು ನೋಡಿರಲ್ಲ. ಎರಡು ಕಲ್ಲುಕಂಬ ನಿಲ್ಸಿ ಮೇಲೆ ಒಂದು ಚಪ್ಪಡಿ ಅಡ್ಡ ಹಾಕಿರ್ತಾರೆ, ಹೆಗಲೆತ್ತರಕ್ಕೆ. ಸೌದೆ ಹೊತ್ತೋರು ಬಗ್ಗದೇನೇ ಹೊರೇನ ಅದರ ಮೇಲೆ ಜಾರಿಸಿ ಸುಧಾರಿಸ್ಕೋಬೋದು. ಹಿಂದೆ ಊರೂರ ದಾರೀಲೂ ಇರ್ತಿತ್ತು.

ಅಣ್ಣ ಎರಡೂ ಬ್ಯಾಗು ಆ ಕಲ್ಲಿನ ಮೇಲೆ ಇಟ್ಟ. ದಿಲ್ಶಾದಳ ತೋಳು ತನ್ನ ಹೆಗಲ ಮೇಲೆ ಹಾಕ್ಕೊಂಡು ಮೇಲಕ್ಕೆ ಸೇರಿಸ್ದ. ಅವಳನ್ನ ಬೆಂಕಿ ಹತ್ರ ಕೂರಿಸಿ, ಸುರೇಶನಿಗೆ ನೋಡ್ಕೋ ಅಂತ ಹೇಳಿ, ಮತ್ತೆ ಇಳಿದ. ಟೆಂಟೆಲ್ಲ ಕೆಳಗೇ ಇತ್ತಲ್ಲ. ಮೇಲೆ ಚಳಿ.

"ನಾನು ಬರ್ಲಾ ಗುರು?" ಅಂದನಂತೆ ಸುರೇಶ್.

"ನೀನಿರು. ಇವರನ್ನ ಬಿಟ್ಟು ಬರೋದು ಬೇಡ."

ಒಬ್ಬನೇ ಇಳಿದ.

ಕಾಡಲ್ಲಿ ಸದ್ದೇ ಇರಲ್ಲ ಅಂದ್ಕೊಂಡಿದೀರಾ. ಎಲ್ಲೋ ಒಂದು ಹಕ್ಕಿ ಚಕ್... ಚಕ್... ಚಕ್ ಅಂತ, ಕಲ್ಲಿಗೆ ಕಲ್ಲು ಕುಟ್ಟಿದಂಗೆ. ಬಿದಿರಿಗೆ ಬಿದಿರು ಉಜ್ಜಿ ಕ್ರೀ... ಅಂತ. ಅದೆಲ್ಲ ಅವನಿಗೆ ಗೊತ್ತಿರೋ ಸದ್ದೇ. ಕಲ್ಲಿನ ಹತ್ರ ಬಂದಾಗ ಗೊತ್ತಿಲ್ಲದ್ದು ಒಂದು ಕೇಳಿಸ್ತು.

ಉಸ್ಸ್ಸ್...

ಭಾರ ಇಳಿಸಿದೋರು ಬಿಡ್ತಾರಲ್ಲ, ಆ ಉಸಿರು. ಉದ್ದಕ್ಕೆ.

ಟಾರ್ಚ್ ಬೆಳಕು ಬಿಟ್ಟ. ಅವನ ಬ್ಯಾಗುಗಳಿದ್ದ ಕಲ್ಲಿನ ಕೆಳಗೆ, ನೆಲದ ಮೇಲೆ ಒಂದು ಸೌದೆ ಹೊರೆ. ಕಂಬಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ಲು, ಸೆರಗು ಮುಖದ ಮೇಲೆ ಎಳ್ಕೊಂಡು. ಫಾರೆಸ್ಟ್ ಗಾರ್ಡುಗಳ ಕಣ್ಣು ತಪ್ಪಿಸಿ ಸೌದೆ ಹೊರೋರು ಅಂದ್ಕೊಂಡು ಇವನು ಬೆಳಕು ಕೆಳಗೆ ಇಳಿಸ್ದ.

"ಒಸಿ ಎತ್ತಿ ಕೊಡಪ್ಪಾ," ಅಂದ್ಲು. ಮೆಲ್ಲಗೆ.

"ಇಷ್ಟೊತ್ನಲ್ಲಿ ಒಬ್ರೇ ಯಾಕಮ್ಮ?"

"ಇಳಿಸ್ದೆ. ಎತ್ತೋರು ಬರ್ನಿಲ್ಲ."

ಅಷ್ಟೇ ಹೇಳಿದ್ದು. ತಲೆ ಹೊರೆ ಒಬ್ರೇ ಎತ್ಕೊಳಕ್ಕಾಗಲ್ಲ, ನಿಮಗೂ ಗೊತ್ತು. ಯಾರಾದ್ರೂ ಕೈ ಹಾಕ್ಬೇಕು. ಅಣ್ಣ ಹೊರೆಗೆ ಕೈ ಹಾಕ್ದ. ನೆನೆದ ಮರದಷ್ಟು ಭಾರ. ಗೋಡೌನಲ್ಲಿ ಎತ್ತಿ ಎತ್ತಿ ಪಳಗಿದ ಕೈ, ಆದ್ರೂ ಎರಡು ಸಲ ಹಿಡಿತ ಬದಲಿಸ್ಬೇಕಾಯ್ತು. ಅವಳು ಎದ್ದು ನಿಂತ್ಲು. ತಲೆ ಮೇಲೆ ಇಟ್ಟ. ಇಟ್ಟಾಗ ಕೈಗೆ ತಲೆ ತಗಲ್ಬೇಕಲ್ವಾ... ತಗಲ್ಲಿಲ್ಲವಂತೆ. ಆದ್ರೂ ಹೊರೆ ನಿಂತ್ಕೊಂತು.

ಇವನಿಗೆ ಹೆದರೋಕೂ ತ್ರಾಣ ಇರ್ಲಿಲ್ಲ. ತನ್ನ ಬ್ಯಾಗಿನ ಕಡೆ ತಿರುಗ್ದ.

"ತಿರುಗ್ಕೋ," ಅಂದ್ಲು ಹಿಂದಿನಿಂದ. "ನಿಂದೂ ಎತ್ತಿ ಕೊಡ್ತೀನಿ."

"ಬೇಡಮ್ಮ..."

"ಎಷ್ಟ್ ದಣಿದಿದೀಯ."

ಆ ಮಾತಿಗೆ ಸೋತೆ ಅಂದಿದ್ದ ಅಣ್ಣ. ಎಷ್ಟೋ ತಿಂಗಳಾಗಿತ್ತಂತೆ ಯಾರಾದ್ರೂ ಆ ಮಾತನ್ನ ಅಷ್ಟು ನಿಧಾನವಾಗಿ ಹೇಳಿ. ಬೆನ್ನು ಕೊಟ್ಟ. ಹೆಗಲಿಗೆ ಪಟ್ಟಿ ಬಂದು ಕೂತ್ಕೊಂತು. ಕಲ್ಲಿನ ಮೇಲೆ ಬ್ಯಾಗು ಜಾರಿದ ಸದ್ದು, ಗರ್ರ್... ಅದೂ ಕೇಳಿಸ್ತು. ಭಾರ ಮಾತ್ರ ಬರ್ಲಿಲ್ಲ. ಖಾಲಿ ಅಂಗಿ ಹಾಕ್ಕೊಂಡಂಗೆ. ತಿರುಗಿ ನೋಡಿದ್ರೆ ಯಾರೂ ಇಲ್ಲ. ಹಗ್ಗ ಕಟ್ಟಿದ ಸೌದೆ ಅಲ್ಲಾಡೋ ಸದ್ದು, ಕಿರ್... ಕಿರ್... ದೂರ ಹೋಗ್ತಿತ್ತು. ಹೆಜ್ಜೆ ಸದ್ದು ಇರ್ಲಿಲ್ಲ.

ದಿಲ್ಶಾದಳ ಬ್ಯಾಗನ್ನೂ ಎಳ್ಕೊಂಡು ಮೇಲಕ್ಕೆ ಓಡ್ಕೊಂಡೇ ಹತ್ತಿದನಂತೆ. ಎಲ್ಲ ಟೆಂಟೂ ಒಬ್ಬನೇ ಹಾಕ್ದ. ರಾತ್ರಿಯೆಲ್ಲ ಬೆಂಕಿ ಮುಂದೆ ಕೂತಿದ್ದ, ಒಂದು ಆಕಳಿಕೆ ಇಲ್ಲ. ಸುರೇಶನೂ ಹೇಳ್ತಾನೆ ಅದನ್ನ.

ಬಂದ ಮೇಲೂ ಹಾಗೇ. ಸೋಮವಾರ ಗೋಡೌನಲ್ಲಿ ಇಬ್ರು ಎತ್ತೋ ಗಂಟು ಇವನೊಬ್ಬನೇ ಎತ್ತಿದ. ಸುಸ್ತು ಅನ್ನೋದೇ ಇಲ್ಲ. ನಿದ್ದೆನೂ ಇಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಮಲಗಿರೋನು. ಮೊದಮೊದಲು ಖುಷಿಯಾಗಿತ್ತಂತೆ.

ಆದ್ರೆ ಅತ್ತಿಗೆ ಬಿದ್ದುಹೋದ್ಲು.

ಅವಳು ಮನೇಲೇ ಬ್ಲೌಸ್ ಹೊಲೀತಾಳೆ. ಹಗಲೆಲ್ಲ ಮಿಷನ್ ಸದ್ದು ಇರ್ತಿತ್ತು ಆ ಮನೇಲಿ. ಅದು ನಿಂತೋಯ್ತು. ಕತ್ತು ಎತ್ತೋಕಾಗಲ್ಲ ಅಂತಾಳೆ. ಮೊಣಕಾಲು ಮಡಿಸಿದ್ರೆ ಏಳೋಕಾಗಲ್ಲ. ನಾನು ನೋಡೋಕೆ ಹೋಗಿದ್ದೆ. ಲೋಟ ಎರಡು ಕೈಲಿ ಹಿಡ್ಕೊಂಡು ಕುಡೀತಿದ್ಲು. ಡಾಕ್ಟ್ರು ರಕ್ತ ತೆಗೆದ್ರು, ಎಲ್ಲ ಸರಿಯಾಗಿದೆ ಅಂದ್ರು. ವಿಶ್ರಾಂತಿ ಸಾಲದು ಅಂತ ಬರೆದ್ರು. ಮೂರು ಹೊತ್ತೂ ಮಲಗಿರೋಳಿಗೆ ಇನ್ನೆಂಥ ವಿಶ್ರಾಂತಿ?

ಹೀಗೇ ವಾರಗಳು ಹೋದ್ವು. ಒಂದು ರಾತ್ರಿ ಅಣ್ಣ ಎಚ್ಚರವಾಗೇ ಮಲಗಿದಾನೆ. ಪಕ್ಕದಲ್ಲಿ ಅತ್ತಿಗೆಗೆ ನಿದ್ದೆ. ಫ್ಯಾನ್ ಸದ್ದು ಬಿಟ್ರೆ ಏನಿಲ್ಲ.

ಉಸ್ಸ್ಸ್...

ಅತ್ತಿಗೆ ಬಾಯಿಂದ. ಅದೇ ಉಸಿರು. ಆಮೇಲೆ, ನಿದ್ದೇಲೇ, ಮೆಲ್ಲಗೆ...

"ಒಸಿ ಎತ್ತಿ ಕೊಡಪ್ಪಾ."

ಅತ್ತಿಗೆ ಸಂಜಯನಗರದೋಳು. 'ಒಸಿ' ಅನ್ನೋ ಹಳ್ಳಿ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದಿಲ್ಲ. ಅವನು ಬೆಟ್ಟದ್ದು ಅವಳಿಗೆ ಹೇಳೂ ಇರ್ಲಿಲ್ಲ.

ಅಣ್ಣ ಎದ್ದು ಹೊರಗೆ ಬಂದ. ಜಗಲೀಲಿ ನಮ್ಮ ದೊಡ್ಡಮ್ಮ, ವೆಂಕಟಲಕ್ಷ್ಮಮ್ಮ, ಮಲಗಿದ್ಲು. ಅವಳನ್ನ ಎಬ್ಬಿಸಿ ಎಲ್ಲ ಹೇಳ್ದ. ದೊಡ್ಡಮ್ಮ ವಯಸ್ಸಲ್ಲಿ ಹುಲ್ಲಿನ ಹೊರೆ ಹೊತ್ಕೊಂಡು ಯಶವಂತಪುರದ ತನಕ ಮಾರೋಕೆ ಹೋಗ್ತಿದ್ದೋಳು. ಎದ್ದು ಕೂತು ಪೂರ್ತಿ ಕೇಳಿಸ್ಕೊಂಡ್ಲು.

"ನೀನು ಎತ್ತಿ ಕೊಟ್ಟಿದ್ದು ಸರಿ," ಅಂದ್ಲು. "ದಾರೀಲಿ ಕೇಳ್ದೋರ್ಗೆ ಇಲ್ಲ ಅನ್ಬಾರ್ದು. ಅವ್ಳು ನಿಂದು ಎತ್ತಿ ಕೊಟ್ಳಲ್ಲ... ಅದು ನಿನ್ನ ಎಗಲಿಗೆ ಬಂತಾ?"

"ಇಲ್ಲಮ್ಮ. ಭಾರನೇ ಇರ್ಲಿಲ್ಲ."

ದೊಡ್ಡಮ್ಮ ಒಳಗಡೆ ರೂಮಿನ ಕಡೆ ನೋಡಿದ್ಲು.

"ಭಾರ ಅನ್ನೋದು ಎಲ್ಲಿಗೋಯ್ತದೆ ಮಗಾ. ಯಾರಾದ್ರೂ ಒಬ್ರು ಹೊತ್ತಿರ್ಬೇಕು."

ಬೆಳಗ್ಗೆನೇ ಅಣ್ಣ ಹೊರಟ. ಅದೇ ಬ್ಯಾಗು, ಅದೇ ಟೆಂಟುಗಳು ತುಂಬ್ಕೊಂಡು, ಒಬ್ಬನೇ, ಬಸ್ಸಲ್ಲಿ. ಸಂಜೆ ಹೊತ್ಗೆ ಹೊರೆಗಲ್ಲಿನ ಹತ್ರ ಬಂದ. ಬ್ಯಾಗನ್ನ ಕಲ್ಲಿನ ಮೇಲೆ ಇಟ್ಟು ಕಂಬಕ್ಕೆ ಒರಗಿ ಕೂತ. ಕತ್ತಲಾಯ್ತು. ಆ ಹಕ್ಕಿ ಶುರು ಮಾಡ್ತು, ಚಕ್... ಚಕ್... ಆಮೇಲೆ ಅದೂ ನಿಂತೋಯ್ತು.

ಉಸ್ಸ್ಸ್...

ಕಂಬದ ಆಚೆ ಕಡೆಯಿಂದ.

"ಬಂದ್ಯಾ?" ಅಂದ್ಲು. "ಎತ್ತಿ ಕೊಡ್ಲಾ?"

"ಬೇಡಮ್ಮ. ನಾನೇ ಎತ್ಕೋತೀನಿ."

"ದಣೀತೀಯ."

"ದಣಿದ್ರೆ ದಣೀಲಿ. ಅವಳದ್ದು ಇಳಿಸು."

ಅಣ್ಣ ಎದ್ದು ಪಟ್ಟಿಯೊಳಗೆ ತೋಳು ತೂರಿಸಿ ಬ್ಯಾಗನ್ನ ಕಲ್ಲಿನಿಂದ ಬೆನ್ನಿಗೆ ಎಳ್ಕೊಂಡ. ಗರ್ರ್... ಬಂತು ನೋಡಿ ಭಾರ. ಆ ಬ್ಯಾಗಿನದಲ್ಲ. ಅಷ್ಟು ವಾರದ ಗಂಟು, ಅಷ್ಟು ರಾತ್ರಿ ನಿದ್ದೆ, ಎಲ್ಲ ಒಟ್ಟಿಗೆ. ಮಂಡಿ ಊರಿಬಿಟ್ಟ. ಕಣ್ಣು ಕತ್ತಲೆ ಬಂತು. ಕಲ್ಲುಕಂಬ ತಬ್ಬಿ ಹಿಡ್ಕೊಂಡು ಎದ್ದು ನಿಂತ.

"ಭಾರ ಐತಾ?" ಅಂದ್ಲು, ಕಿವಿ ಹತ್ರ.

"ಐತೆ ಕಣಮ್ಮ."

"ಊಂ."

ಅಷ್ಟೇ. ಕಿರ್... ಕಿರ್... ಸದ್ದು ಬಿದಿರಿನ ಕಡೆ ಹೋಯ್ತು. ಇವನು ಹತ್ತು ಹೆಜ್ಜೆನೂ ಇಡಲಿಲ್ಲ. ಬ್ಯಾಗು ಬೆನ್ನ ಮೇಲೆ ಇರೋಹಾಗೇ ದಾರೀಲಿ ಕುಸಿದು ಮಲಗಿಬಿಟ್ಟ. ಬಿಸಿಲು ಮುಖಕ್ಕೆ ಹೊಡೆದಾಗಲೇ ಎಚ್ಚರ. ಕೆಳಗಿಳಿದ ಮೇಲೆ ಟೀ ಅಂಗಡಿ ಮುನಿಶಾಮಮ್ಮ, ಜ್ವರ ಬಂದಿದ್ಯೇನೋ ಅಂತ ಹಣೆ ಮುಟ್ಟಿ ನೋಡಿದಳಂತೆ.

ಕೊಡಿಗೇಹಳ್ಳಿ ಮನೆಗೆ ಬಂದ್ರೆ, ಬೀದಿಗೇ ಮಿಷನ್ ಸದ್ದು ಕೇಳಿಸ್ತಿತ್ತು. ಅತ್ತಿಗೆ ಎದ್ದು ಕೂತು ಯಾರದ್ದೋ ಬ್ಲೌಸ್ ತೋಳು ಹೊಲೀತಿದ್ಲು. "ಊಟ ಮಾಡ್ತೀರಾ?" ಅಂದ್ಲು. ಇವನು ಬಾಗಿಲಲ್ಲೇ ಕೂತು ಅತ್ತುಬಿಟ್ಟ. ಆಮೇಲೆ ಎರಡು ದಿನ ಮಲಗಿದ್ದ. ಶನಿವಾರದ ಬೆಟ್ಟ ಅವತ್ತಿಗೆ ಬಿಟ್ಟ. ಜನಕ್ಕೆ ಆಗಲ್ಲ ಅಂತ ಹೇಳೋದು ಕಲಿತ. ಈಗ್ಲೂ ಗೋಡೌನಿಂದ ಬಂದ್ರೆ ಸುಸ್ತು, ಸುಸ್ತು ಅಂತಿರ್ತಾನೆ. ಅತ್ತಿಗೆ ನಗ್ತಾಳೆ.

ಇದನ್ನ ಅವನು ಹೇಳಿದ್ದು ಒಂದೇ ಸಲ. ನಿದ್ದೆಗೆಟ್ಟೋನಿಗೆ ಏನೋ ಕಂಡಿರ್ಬೇಕು ಅಂತೀರಾ? ಅನ್ನಿ. ನಾನೂ ಹಾಗೇ ಅಂದ್ಕೊಂಡಿದ್ದೆ.

ಆ ವರ್ಷ ಯುಗಾದಿಗೆ ಹೋದಾಗ ಅತ್ತಿಗೆಗೆ ಎಣ್ಣೆ ಹಚ್ಚೋಕೆ ಕೂತೆ. ಬೈತಲೆ ಬಿಡಿಸ್ದೆ. ನೆತ್ತಿ ಮೇಲೆ ಅಂಗೈ ಅಗಲ ಕೂದಲಿಲ್ಲ. ಉದುರಿದ್ದಲ್ಲ... ಸವೆದಿದ್ದು. ಅಲ್ಲಿ ಚರ್ಮ ದಪ್ಪಗೆ, ನುಣ್ಣಗೆ ಆಗಿತ್ತು. ವರ್ಷಾನುಗಟ್ಟಲೆ ಬಟ್ಟೆ ಸಿಂಬಿ ಇಟ್ಟು ತಲೆ ಹೊರೆ ಹೊತ್ತ ಹೆಂಗಸರಿಗೆ ಇರುತ್ತಲ್ಲ, ಹಾಗೆ. ಅತ್ತಿಗೆ ತಲೆ ಮೇಲೆ ಒಂದು ಬಿಂದಿಗೆ ನೀರೂ ಹೊತ್ತೋಳಲ್ಲ.

ಈ ಬೆರಳಲ್ಲೇ ಮುಟ್ಟಿ ನೋಡಿದೀನಿ ನಾನು. ಈಗ್ಲೂ ಹಾಗೇ ಇದೆ.